ವಿಶ್ವವಿದ್ಯಾಲಯ ಕೊಡುವ ಆರೋಗ್ಯ ಯೋಜನೆಯ ಹಣದಲ್ಲಿ ನಿಜವಾಗಿ ಉಪಯೋಗ ಆಗುವಂಥದ್ದು ಏನು ಮಾಡಬಹುದು?

ನೇತ್ರಾವತಿ_ತೀರ:

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಹತ್ತಿರ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷ ಓದುತ್ತಿದ್ದೇನೆ. ನಮ್ಮ ವಿಶ್ವವಿದ್ಯಾಲಯ ಈ ವರ್ಷ ಕ್ಯಾಂಪಸ್ಸಿನ ಆರೋಗ್ಯಕ್ಕೆ ಅಂತ ಸ್ವಲ್ಪ ಹಣ ತೆಗೆದಿಟ್ಟಿದೆ. ವಿದ್ಯಾರ್ಥಿಗಳು ಗುಂಪು ಮಾಡಿಕೊಂಡು, ಒಬ್ಬ ಲೆಕ್ಚರರ್ ಅವರನ್ನೂ ಸೇರಿಸಿಕೊಂಡು ಎರಡು ಪುಟದ ಅರ್ಜಿ ಕೊಡಬೇಕು. ಆಯ್ಕೆ ಆದರೆ ಒಂದು ಗುಂಪಿಗೆ 40 ಸಾವಿರ ರೂಪಾಯಿಯವರೆಗೆ ಸಿಗುತ್ತದೆ. ವರ್ಷದ ಒಳಗೆ ಕೆಲಸ ಮುಗಿಸಿ ಲೆಕ್ಕ ಮತ್ತು ವರದಿ ಒಪ್ಪಿಸಬೇಕು.

ನಾವು ಕೂತು ಮಾತಾಡಿದಾಗ ಬಂದದ್ದು ಜೂನ್ 21ಕ್ಕೆ ಯೋಗ, ಅಕ್ಟೋಬರ್ 10ಕ್ಕೆ ಮಾನಸಿಕ ಆರೋಗ್ಯದ ಭಾಷಣ, ಒಂದು ವಾಕಥಾನ್, ಬಿಪಿ ಶುಗರ್ ನೋಡುವ ಕ್ಯಾಂಪ್, ಓಪನ್ ಜಿಮ್. ಇವು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಇವು ಹೇಗೂ ಪ್ರತಿ ವರ್ಷ ನಡೆಯುತ್ತವೆ, ಅದಕ್ಕೆ ಬೇರೆ ಹಣವೂ ಇರುತ್ತದೆ. ಈ 40 ಸಾವಿರವೂ ಬ್ಯಾನರ್, ಊಟ, ಅತಿಥಿಗಳ ಕಾರಿನ ಬಾಡಿಗೆಗೆ ಹೋಗಬಾರದು ಅಂತ ನನ್ನ ಆಸೆ. ನಾವು ಪಾಸಾಗಿ ಹೋದ ಮೇಲೂ ಕ್ಯಾಂಪಸ್ಸಿನಲ್ಲಿ ಏನಾದರೂ ಉಳಿಯಬೇಕು ಅಲ್ವಾ?

ನಮ್ಮಲ್ಲಿ ಹಾಸ್ಟೆಲಿನವರಿಗಿಂತ ದಿನಾ ಬಸ್ಸಿನಲ್ಲಿ ಬಂದು ಹೋಗುವವರೇ ಜಾಸ್ತಿ. ಬಂಟ್ವಾಳ, ಪುತ್ತೂರು, ಮಂಜೇಶ್ವರ, ಕಾಸರಗೋಡು ಕಡೆಯವರೂ ಇದ್ದಾರೆ. ಇಂಥ ಕೆಲಸ ಮಾಡಿದವರು, ಅಥವಾ ನಿಮ್ಮ ಕ್ಯಾಂಪಸ್ಸಿನಲ್ಲಿ ಏನು ಕೊರತೆ ಉಂಟು ಅಂತ ಗೊತ್ತಿರುವವರು ಹೇಳಿ. ಕೊನೆಯಲ್ಲಿ ಉಪಯೋಗ ಆಯಿತು ಅಂತ ಹೇಗೆ ತೋರಿಸುವುದು ಅನ್ನುವುದೂ ಬೇಕು.

ಪಿಟಿ_ಮಾಸ್ಟ್ರು_ಉಡುಪಿ:

ಓಪನ್ ಜಿಮ್ ಬೇಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯ ಉಪ್ಪು ಗಾಳಿಗೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಸುರಿಯುವ ಮಳೆಗೆ ಕಬ್ಬಿಣ ತಡೆಯುವುದಿಲ್ಲ. ಎರಡು ಮಳೆಗಾಲ ಕಳೆದರೆ ಬೇರಿಂಗ್ ಹಿಡಿದುಕೊಳ್ಳುತ್ತದೆ. ರಿಪೇರಿಗೆ ಯಾರೂ ಹಣ ಇಟ್ಟಿರುವುದಿಲ್ಲ. 40 ಸಾವಿರಕ್ಕೆ ಒಳ್ಳೆಯ ಸಾಮಾನು ಬರುವುದೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಷ್ಟು ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಇದು ವಾಕಥಾನ್‌ನಿಂದ ಆಗುವ ಕೆಲಸ ಅಲ್ಲ, ವಾರ ವಾರ ನಡೆಯುವಂಥದ್ದು ಬೇಕು. ನನ್ನ ಅನುಭವದಲ್ಲಿ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಬ್ಯಾಟು ಹಿಡಿದು ಅವರಷ್ಟಕ್ಕೆ ಮೈದಾನಕ್ಕೆ ಇಳಿಯುತ್ತಾರೆ. ಹುಡುಗಿಯರು ಅಂಚಿನಲ್ಲಿ ನಿಂತು ನೋಡಿ ಹೋಗುತ್ತಾರೆ. ಅವರಿಗೆ ಆಸಕ್ತಿ ಇಲ್ಲ ಅಂತ ಅಲ್ಲ, ಜಾಗ ಸಿಗುವುದಿಲ್ಲ. ವಾರಕ್ಕೆ ಎರಡು ದಿನ ಮೈದಾನ ಹುಡುಗಿಯರಿಗೆ ಅಂತ ಟೈಂಟೇಬಲಿನಲ್ಲೇ ಹಾಕಿಸಿ, ಒಂದು ತ್ರೋಬಾಲ್ ನೆಟ್ಟು, ನಾಲ್ಕು ಬಾಲು, ಶಟಲ್ ರಾಕೆಟ್ ತೆಗೆದುಕೊಂಡರೆ 10 ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಹೆಚ್ಚಿನದ್ದು ಅನುಮತಿಯ ಕೆಲಸ, ಹಣದ್ದಲ್ಲ.

ಮಳೆಗಾಲಕ್ಕೆ ಸಭಾಂಗಣ ಕೇಳಿ. ಯಕ್ಷಗಾನದ ಹೆಜ್ಜೆ ಕಲಿಸುವವರು ನಮ್ಮ ಎರಡೂ ಜಿಲ್ಲೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಂದು ಗಂಟೆ ಹೆಜ್ಜೆ ಹಾಕಿ, ಕೊನೆಗೆ ನಾಲ್ಕು ಧೀಂಗಿಣ (ಹಾರಿ ಸುತ್ತುವ ಹೆಜ್ಜೆ) ಹೊಡೆದು ನೋಡಿ, ಜಿಮ್ಮಿಗಿಂತ ಜಾಸ್ತಿ ಬೆವರು ಬರುತ್ತದೆ. ಮಕ್ಕಳು ಖುಷಿಯಿಂದ ಬರುತ್ತಾರೆ.

ಮಂಜೇಶ್ವರದಿಂದ:

ಸರ್ ಹೇಳಿದ್ದು ಒಳ್ಳೆಯದೇ. ಆದರೆ ಅದು ಯಾವ ಹೊತ್ತಿಗೆ? ಸಂಜೆ ನಾಲ್ಕೂವರೆಗೆ ಅಂತಾದರೆ ನಮ್ಮಂಥವರು ಯಾರೂ ಇರುವುದಿಲ್ಲ. ನಾನು ದಿನಾ ಮಂಜೇಶ್ವರದಿಂದ ಬರುವವಳು, ಎರಡು ಬಸ್ಸು ಬದಲಾಯಿಸಬೇಕು. ಸಂಜೆಯ ಬಸ್ಸು ಒಂದು ತಪ್ಪಿತೆಂದರೆ ಮನೆಗೆ ಮುಟ್ಟುವಾಗ ಕತ್ತಲೆ. ಕ್ಯಾಂಪಸ್ಸಿನ ಎಲ್ಲ ಒಳ್ಳೆಯ ಕಾರ್ಯಕ್ರಮಗಳೂ ಕ್ಲಾಸ್ ಮುಗಿದ ಮೇಲೆ ಇರುತ್ತವೆ. ಹಾಗಾಗಿ ಅವು ಹಾಸ್ಟೆಲಿನವರಿಗೆ ಮಾತ್ರ ಸಿಗುತ್ತವೆ.

ನೀವು ಕೊರತೆ ಏನು ಅಂತ ಕೇಳಿದಿರಲ್ಲ. ನೇರವಾಗಿ ಹೇಳುತ್ತೇನೆ. ಶೌಚಾಲಯ.

ನಾನು ಬೆಳಿಗ್ಗೆ ಆರೂವರೆಗೆ ಮನೆ ಬಿಡುತ್ತೇನೆ. ಸಂಜೆ ತನಕ ನೀರು ಕುಡಿಯುವುದೇ ಇಲ್ಲ, ಕುಡಿದರೆ ಹೋಗಬೇಕಾಗುತ್ತದೆ ಅಂತ. ನಾನು ಒಬ್ಬಳೇ ಅಲ್ಲ, ನಮ್ಮ ಬೆಂಚಿನಲ್ಲಿ ಹೆಚ್ಚಿನವರು ಹೀಗೆಯೇ. ಬಾಗಿಲಿನ ಚಿಲಕ ಇಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಹಿಡಿದುಕೊಂಡು ನಿಲ್ಲಬೇಕು. ಬ್ಯಾಗ್ ಮತ್ತು ಶಾಲು ನೇತುಹಾಕಲು ಕೊಕ್ಕೆ ಇಲ್ಲ. ಪ್ಯಾಡ್ ಹಾಕಲು ಡಬ್ಬ ಇಲ್ಲ, ಕಾಗದದಲ್ಲಿ ಸುತ್ತಿ ಬ್ಯಾಗಿನಲ್ಲಿ ಮನೆಗೆ ತಂದವರೂ ಇದ್ದಾರೆ. ಮುಟ್ಟಿನ ದಿನ ಕ್ಲಾಸಿಗೆ ರಜೆ ಹಾಕುವುದು ಹೊಟ್ಟೆನೋವಿಗಿಂತ ಜಾಸ್ತಿ ಈ ಕಾರಣಕ್ಕೆ. ಸೆಖೆಯ ಈ ಊರಿನಲ್ಲಿ ಇಡೀ ದಿನ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಕೂತರೆ ಉರಿಮೂತ್ರ, ಸೋಂಕು ಬಾರದೆ ಇರುತ್ತದಾ? ನನಗೆ ಬಂದಿತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ನೀರು ಎಷ್ಟು ಕುಡಿಯುತ್ತೀಯಮ್ಮ ಅಂತ.

ಇದಕ್ಕೆ ಯಾರೂ ಪ್ರಾಜೆಕ್ಟ್ ಬರೆಯುವುದಿಲ್ಲ, ಏಕೆಂದರೆ ಇದರ ಉದ್ಘಾಟನೆ ಮಾಡಲು ಆಗುವುದಿಲ್ಲ. ದಯವಿಟ್ಟು ನೀವು ಬರೆಯಿರಿ. ಒಂದು ಚಿಲಕಕ್ಕೆ, ಒಂದು ಕೊಕ್ಕೆಗೆ ಎಷ್ಟು ಆಗುತ್ತದೆ? ಹಾರ್ಡ್‌ವೇರ್ ಅಂಗಡಿಯಲ್ಲಿ ನೂರು ಇನ್ನೂರು ರೂಪಾಯಿ.

ಇನ್ನೊಂದು, ಬೆಳಗ್ಗಿನ ತಿಂಡಿ. ಖಾಲಿ ಹೊಟ್ಟೆಯಲ್ಲಿ ಬಂದು ಹನ್ನೊಂದು ಗಂಟೆಗೆ ಒಂದು ಪಫ್ಸ್ ಮತ್ತು ಚಾ, ಅದೇ ನಮ್ಮ ತಿಂಡಿ. ಕ್ಯಾಂಟೀನಿನವರು ಎಂಟು ಗಂಟೆಗೆ ಬಾಗಿಲು ತೆರೆದು ಒಂದು ಸಜ್ಜಿಗೆ ಬಜಿಲ್ (ಉಪ್ಪಿಟ್ಟು ಅವಲಕ್ಕಿ), ಒಂದು ಬಾಳೆಹಣ್ಣು ಕೊಟ್ಟರೆ ಸಾಕು.

ಮೆಸ್_ಸೆಕ್ರೆಟರಿ:

ಕ್ಯಾಂಟೀನ್ ವಿಷಯಕ್ಕೆ ಒಂದು ಮಾತು. ಕಾಲೇಜುಗಳಲ್ಲಿ ಜಂಕ್ ಫುಡ್ ಮಾರಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2016ರಲ್ಲೂ 2018ರಲ್ಲೂ ಸುತ್ತೋಲೆ ಕಳಿಸಿದೆ. ಆದರೆ ಬೇಡ ಅಂದರೆ ಹುಡುಗರು ಗೇಟಿನ ಹೊರಗೆ ಹೋಗಿ ತಿನ್ನುತ್ತಾರೆ. ಒಳ್ಳೆಯದನ್ನು ಕಡಿಮೆಗೆ ಸಿಗುವ ಹಾಗೆ ಮಾಡುವುದೇ ಸರಿ. ಬೆಳಿಗ್ಗೆ ಅವಲಕ್ಕಿ, ಕಡಲೆ, ಮಜ್ಜಿಗೆ ಇಡಲು ಕಂಟ್ರಾಕ್ಟರ್ ಅವರನ್ನು ಕೇಳಿ. ಮೊದಲ ಕೆಲವು ವಾರ ಮಾರಾಟ ಆಗದೆ ಉಳಿದರೆ ಆ ನಷ್ಟ ನಿಮ್ಮ ಪ್ರಾಜೆಕ್ಟಿನಿಂದ ಕೊಡುತ್ತೇವೆ ಅಂತ ಹೇಳಿದರೆ ಅವರು ಒಪ್ಪುತ್ತಾರೆ. ನಮ್ಮಲ್ಲಿ ಮಜ್ಜಿಗೆ ಹಾಗೆಯೇ ಶುರುವಾದದ್ದು, ಈಗ ಮಧ್ಯಾಹ್ನದ ಒಳಗೆ ಖಾಲಿ ಆಗುತ್ತದೆ.

ಕೇಳುವ_ಕಿವಿ:

ನಾನು ಉಡುಪಿ ಜಿಲ್ಲೆಯಲ್ಲಿ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್. ಅಕ್ಟೋಬರ್ 10ರ ಭಾಷಣದ ಬಗ್ಗೆ ಹೇಳಬೇಕು ಅನ್ನಿಸಿತು, ಏಕೆಂದರೆ ಅಂಥ ಭಾಷಣಗಳಿಗೆ ನನ್ನನ್ನೂ ಕರೆಯುತ್ತಾರೆ. ಮುನ್ನೂರು ಜನರ ಮುಂದೆ ಯಾರೂ ಎದ್ದು ನಿಂತು ನನಗೆ ನಿದ್ದೆ ಬರುತ್ತಿಲ್ಲ ಅಂತ ಹೇಳುವುದಿಲ್ಲ. ಭಾಷಣ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಕಾದು ನಿಂತಿರುವ ಒಬ್ಬರೋ ಇಬ್ಬರೋ ಇರುತ್ತಾರಲ್ಲ, ಅವರಿಗಾಗಿ ಮರುದಿನ ಏನು ಇದೆ ಅನ್ನುವುದೇ ಮುಖ್ಯ.

2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, 100 ಅಥವಾ ಹೆಚ್ಚು ವಿದ್ಯಾರ್ಥಿಗಳು ಇರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಕೌನ್ಸೆಲರ್ ಒಬ್ಬರಾದರೂ ಇರಬೇಕು ಅಂತ ಹೇಳಿದೆ. ಸಹಾಯವಾಣಿ ನಂಬರುಗಳನ್ನು ಹಾಸ್ಟೆಲ್, ಕ್ಲಾಸ್‌ರೂಮ್, ಜನ ಸೇರುವ ಜಾಗಗಳಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಬೇಕು ಅಂತಲೂ ಹೇಳಿದೆ. ಆದ್ದರಿಂದ ಕೌನ್ಸೆಲರ್ ಸಂಬಳ ನಿಮ್ಮ 40 ಸಾವಿರದಿಂದ ಬರಬೇಕಾಗಿಲ್ಲ, ಅದು ಸಂಸ್ಥೆಯ ಜವಾಬ್ದಾರಿ. ನೀವು ಮಾಡಬಹುದಾದದ್ದು ಆ ಕೌನ್ಸೆಲರ್ ಹತ್ತಿರ ಹೋಗುವ ದಾರಿಯನ್ನು ಸುಲಭ ಮಾಡುವುದು. ಆ ಕೋಣೆ ಎಲ್ಲಿದೆ ನೋಡಿ. ಆಫೀಸಿನ ಪಕ್ಕದಲ್ಲಿ, ಫೀಸ್ ಕಟ್ಟುವ ಸಾಲಿನ ಎದುರಿಗೆ ಇದ್ದರೆ ಯಾವ ಮಗುವೂ ಒಳಗೆ ಹೋಗುವುದಿಲ್ಲ. ಲೈಬ್ರರಿ ಕಡೆಯ ಒಂದು ಮೂಲೆಗೆ ಬದಲಾಯಿಸಿ ಅಂತ ಕೇಳಿ. ಮಧ್ಯಾಹ್ನ ಊಟದ ಹೊತ್ತಿಗೂ ತೆರೆದಿರಲಿ, ಮೇಲೆ ಮಂಜೇಶ್ವರದ ತಂಗಿ ಹೇಳಿದ ಬಸ್ಸಿನ ಮಾತು ಇಲ್ಲಿಗೂ ಅನ್ವಯ ಆಗುತ್ತದೆ. ಭಾಷೆಯನ್ನೂ ಮರೆಯಬೇಡಿ. ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಮನೆಮಾತಿನವರು ಒಂದೇ ಬೆಂಚಿನಲ್ಲಿ ಕೂರುವ ಊರು ನಮ್ಮದು. ಅಳು ಬರುವಾಗ ಮನೆಮಾತೇ ಬರುವುದು.

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. ಸರ್ಕಾರದ್ದು, ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು. 2022ರಿಂದ ನಡೆಯುತ್ತಿದೆ. ಶೌಚಾಲಯದ ಬಾಗಿಲಿನ ಒಳಬದಿಗೆ ಇದನ್ನು ಅಂಟಿಸಿ. ನೋಟಿಸ್ ಬೋರ್ಡ್ ಮುಂದೆ ನಿಂತು ಆ ನಂಬರ್ ಬರೆದುಕೊಳ್ಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಒಂದು ಎಚ್ಚರಿಕೆ. ನೀವು ಎಂಎಸ್‌ಡಬ್ಲ್ಯು ಅಂದಿರಿ, ಸರ್ವೇ ಮಾಡುವ ಆಸೆ ಇದ್ದೇ ಇರುತ್ತದೆ. ಸಾಯಬೇಕು ಅಂತ ಅನ್ನಿಸಿದ್ದುಂಟಾ ಅನ್ನುವ ಪ್ರಶ್ನೆಯನ್ನು ಫಾರ್ಮಿನಲ್ಲಿ ಹಾಕಿ, ಹೌದು ಅಂದವರನ್ನು ಹಾಗೇ ಬಿಟ್ಟುಬಿಡುವುದು ಬಹಳ ತಪ್ಪು. ಉತ್ತರ ಬಂದ ದಿನವೇ ಅವರ ಜೊತೆ ಮಾತಾಡಲು ತಿಳಿದವರೊಬ್ಬರು ಇಲ್ಲದಿದ್ದರೆ ಆ ಪ್ರಶ್ನೆ ಕೇಳಬೇಡಿ. ಎಥಿಕ್ಸ್ ಕಮಿಟಿ ಅನುಮತಿಯನ್ನೂ ಮೊದಲೇ ತೆಗೆದುಕೊಳ್ಳಿ. ಗೆಳೆಯರಿಗೆ ತರಬೇತಿ ಕೊಡುವುದಾದರೆ ಕೇಳಿಸಿಕೊಳ್ಳುವುದನ್ನು ಕಲಿಸಿ, ಯಾವಾಗ ದೊಡ್ಡವರಿಗೆ ಒಪ್ಪಿಸಬೇಕು ಅನ್ನುವುದನ್ನು ಕಲಿಸಿ. ಅವರನ್ನೇ ಕೌನ್ಸೆಲರ್ ಮಾಡಬೇಡಿ, ಇಪ್ಪತ್ತು ವರ್ಷದ ಮಕ್ಕಳಿಗೆ ಅದು ದೊಡ್ಡ ಹೊರೆ.

ರಕ್ತದ_ಮಾದರಿ:

ಎಲ್ಲರೂ ಕ್ಯಾಂಪ್ ಬೇಡ ಅನ್ನುವ ಹಾಗಿದೆ. ನಾನು ಒಪ್ಪುವುದಿಲ್ಲ. ಇಪ್ಪತ್ತರ ಮಕ್ಕಳಿಗೆ ಬಿಪಿ ಶುಗರ್ ನೋಡುವುದಕ್ಕಿಂತ ಹಿಮೋಗ್ಲೋಬಿನ್ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಜನರಿಗೆ ರಕ್ತಹೀನತೆ ಇತ್ತು. ಗರ್ಭಿಣಿ ಅಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 100 ಮಿಲಿ ರಕ್ತದಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಮಧ್ಯಾಹ್ನದ ಕ್ಲಾಸಿನಲ್ಲಿ ತಲೆ ಮೇಜಿಗೆ ಇಟ್ಟು ಮಲಗುವ ಹುಡುಗಿಗೆ ಸೋಮಾರಿತನ ಅಂತ ಬಯ್ಯುತ್ತಾರೆ, ರಕ್ತ ನೋಡಿದರೆ 8 ಗ್ರಾಂ ಇರುತ್ತದೆ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು, ಇಂಥ ರಿಪೋರ್ಟು ತುಂಬಾ ನೋಡಿದ್ದೇನೆ.

ಕ್ಯಾಂಪಿನ ತೊಂದರೆ ಒಂದೇ, ಚೀಟಿ ಕೊಟ್ಟು ಕಳಿಸಿ ಮರೆತುಬಿಡುವುದು. ಕಡಿಮೆ ಬಂದವರನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ ಡಾಕ್ಟರಿಗೆ ತೋರಿಸಿ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಚಾ ಕಾಫಿ ಜೊತೆ ನುಂಗಬಾರದು ಅಂತ ಹೇಳಿ, ಮೂರು ತಿಂಗಳ ಮೇಲೆ ಪುನಃ ರಕ್ತ ನೋಡಿ. ಆಗ ನಿಮ್ಮ ವರದಿಗೆ ಬೇಕಾದ ಅಂಕಿಯೂ ಸಿಗುತ್ತದೆ. ಹೆಸರು ಮಾತ್ರ ಹೊರಗೆ ಹೋಗಬಾರದು.

ಸೊಳ್ಳೆ_ಸ್ಕ್ವಾಡ್:

ನಾವು ಓದುವಾಗ ಮಾಡಿದ್ದು ಸೊಳ್ಳೆಯ ಕೆಲಸ. ಮಂಗಳೂರಿನಲ್ಲಿ ಮಲೇರಿಯಾ ಡೆಂಗಿ ಬಗ್ಗೆ ಹೇಳಬೇಕಾಗಿಲ್ಲ, ಮಳೆ ಶುರುವಾದ ಮೇಲೆ ಒಂದು ಕ್ಲಾಸಿನಲ್ಲಿ ನಾಲ್ಕೈದು ಜನ ಜ್ವರ ಅಂತ ಇರುತ್ತಾರೆ. ಡೆಂಗಿಯ ಸೊಳ್ಳೆ ಕಚ್ಚುವುದು ಹಗಲಿಗೆ, ಅಂದರೆ ನಾವು ಕ್ಲಾಸಿನಲ್ಲಿ ಕೂತಿರುವಾಗ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಸುಮಾರು 7ರಿಂದ 10 ದಿನ ಬೇಕು. ಹಾಗಾಗಿ ವಾರಕ್ಕೆ ಒಂದು ಸಲ ನಿಂತ ನೀರು ಚೆಲ್ಲಿದರೆ ಅದರ ಸಂಸಾರ ಮುಂದುವರಿಯುವುದಿಲ್ಲ. ಬರೀ ಚೆಲ್ಲಿದರೆ ಸಾಲದು, ಪಾತ್ರೆಯ ಒಳಗೋಡೆ ಉಜ್ಜಬೇಕು. ಮೊಟ್ಟೆ ಅಲ್ಲಿ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ.

ಪ್ರತಿ ಶುಕ್ರವಾರ ಮಧ್ಯಾಹ್ನ ಊಟ ಆದ ಮೇಲೆ ಇಬ್ಬರಿಬ್ಬರು ಒಂದು ಟಾರ್ಚ್, ಒಂದು ರಿಜಿಸ್ಟರ್ ಹಿಡಿದು ಒಂದೊಂದು ಕಟ್ಟಡ ಸುತ್ತುತ್ತಿದ್ದೆವು. ಹೂಕುಂಡದ ಕೆಳಗಿನ ತಟ್ಟೆ, ಎಸಿ ನೀರು ಬೀಳುವ ಬಕೆಟ್, ಟೆರೇಸಿನಲ್ಲಿ ಬಿಸಾಡಿದ ಟಯರು, ಹಾಸ್ಟೆಲ್ ಹಿಂದೆ ಬಿದ್ದ ಅಡಿಕೆ ಹಾಳೆ, ಬೊಂಡದ (ಎಳನೀರಿನ) ಚಿಪ್ಪು. ಹಾಳೆಯಲ್ಲಿ ಒಂದು ಲೋಟ ನೀರು ನಿಂತರೂ ಸಾಕು ಅದಕ್ಕೆ. ಮಲೇರಿಯಾದ ಸೊಳ್ಳೆಗೆ ಮೇಲಿನ ಟ್ಯಾಂಕ್, ಹೊಸ ಕಟ್ಟಡದ ನೀರು ನಿಂತ ಜಾಗ ಇಷ್ಟ, ಅದಕ್ಕೆ ಟ್ಯಾಂಕಿನ ಮುಚ್ಚಳ ನೋಡಬೇಕು. ಖರ್ಚು ಏನೂ ಇಲ್ಲ ಅನ್ನಬಹುದು. ಎನ್ಎಸ್ಎಸ್‌ನವರಿಗೆ ವರ್ಷಕ್ಕೆ 120 ಗಂಟೆ ಕೆಲಸ ಬೇಕೇ ಬೇಕು, ಅವರ ಜೊತೆ ಸೇರಿಸಿದರೆ ನೀವು ಹೋದ ಮೇಲೂ ನಡೆಯುತ್ತದೆ. ನಮ್ಮ ಜೂನಿಯರ್‌ಗಳು ಈಗಲೂ ಸುತ್ತುತ್ತಾರೆ.

ನೇತ್ರಾವತಿ_ತೀರ:

ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಎಣಿಸಿರಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಜೇಶ್ವರದವರ ಮಾತನ್ನು ನಮ್ಮ ಗುಂಪಿಗೆ ಓದಿ ಹೇಳಿದೆ. ಇಬ್ಬರು ಹುಡುಗಿಯರು ನಮ್ಮಲ್ಲೂ ಹಾಗೇ ಅಂತ ತಕ್ಷಣ ಹೇಳಿದರು. ಗುಂಪಿನ ಹುಡುಗರಿಗೆ ಇದು ಗೊತ್ತೇ ಇರಲಿಲ್ಲ. ನಾವು ಶೌಚಾಲಯವನ್ನೇ ಮುಖ್ಯವಾಗಿ ಇಟ್ಟುಕೊಂಡು, ಬಾಗಿಲ ಒಳಗೆ 14416 ಮತ್ತು ವಾರದ ಸೊಳ್ಳೆ ಸುತ್ತನ್ನು ಜೊತೆಗೆ ಸೇರಿಸೋಣ ಅಂತ ಇದ್ದೇವೆ. ಆದರೆ ನಮ್ಮ ಸರ್ ಹೇಳುವುದು, ಇದು ಕಟ್ಟಡ ರಿಪೇರಿ, ಆರೋಗ್ಯ ಯೋಜನೆ ಅಂತ ಕಮಿಟಿ ಒಪ್ಪುತ್ತದಾ ಅಂತ. ಏನು ಬರೆಯಬೇಕು?

ನಿವೃತ್ತ_ಮೇಷ್ಟ್ರು:

ಅಮ್ಮಾ, ಧೈರ್ಯವಾಗಿ ಬರೆಯಿರಿ. ವಿಶ್ವವಿದ್ಯಾಲಯವೇ ಆರೋಗ್ಯದ ಕೆಲಸ ಮಾಡಬೇಕು ಅನ್ನುವ ಯೋಚನೆಯ ಹಿಂದೆ ಇರುವ ಒಂದು ಮುಖ್ಯ ದಾಖಲೆ ಒಕನಾಗನ್ ಚಾರ್ಟರ್. 2015ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಒಕನಾಗನ್ ಕ್ಯಾಂಪಸ್ಸಿನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಅದು ರೂಪುಗೊಂಡಿತು. ಅದರ ಬೇರು ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನದಲ್ಲಿ ಬಂದ 1986ರ ಒಟ್ಟಾವಾ ಚಾರ್ಟರ್‌ನಲ್ಲಿದೆ. ಒಕನಾಗನ್ ಚಾರ್ಟರ್ ಕೇಳುವುದು ಮುಖ್ಯವಾಗಿ ಎರಡು. ಕ್ಯಾಂಪಸ್ಸಿನ ದಿನನಿತ್ಯದ ಎಲ್ಲ ವ್ಯವಹಾರದಲ್ಲೂ, ಆಡಳಿತ, ಕಟ್ಟಡ, ಪಾಠ ಎಲ್ಲದರಲ್ಲೂ ಆರೋಗ್ಯ ಬೆರೆತಿರಬೇಕು. ಮತ್ತೆ, ವಿಶ್ವವಿದ್ಯಾಲಯ ಹೊರಗಿನ ಸಮಾಜದಲ್ಲೂ ಆರೋಗ್ಯದ ಕೆಲಸಕ್ಕೆ ಮುಂದೆ ನಿಲ್ಲಬೇಕು. ಕಟ್ಟಡವನ್ನೇ ಸೇರಿಸಿ ಹೇಳಿರುವಾಗ ಚಿಲಕ ಇಲ್ಲದ ಬಾಗಿಲು ಆರೋಗ್ಯದ ವಿಷಯ ಹೇಗೆ ಅಲ್ಲ? ನಮ್ಮ ಯುಜಿಸಿ ಕೂಡ 2023ರಲ್ಲಿ ವಿದ್ಯಾರ್ಥಿಗಳ ದೈಹಿಕ, ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. ಎರಡನ್ನೂ ಅರ್ಜಿಯ ಮೊದಲ ಪ್ಯಾರಾದಲ್ಲಿ ಬರೆಯಿರಿ.

ನಾನು ಇಂಥ ಕಮಿಟಿಗಳಲ್ಲಿ ಕೂತವನು. ನಾವು ನೋಡುತ್ತಿದ್ದದ್ದು ಎರಡೇ. ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಅನ್ನುವುದಕ್ಕೆ ಲೆಕ್ಕ ಇದೆಯಾ, ಹಣ ಮುಗಿದ ಮೇಲೆ ನೋಡಿಕೊಳ್ಳುವವರು ಯಾರು. ಹಾಗಾಗಿ ಶುರು ಮಾಡುವ ಮೊದಲು ಎಲ್ಲ ಶೌಚಾಲಯಗಳನ್ನೂ ಸುತ್ತಿ ಪಟ್ಟಿ ಮಾಡಿ. ಚಿಲಕ, ನೀರು, ಬೆಳಕು, ಕೊಕ್ಕೆ, ಡಬ್ಬ. ಬೀಗ ಹಾಕಿಟ್ಟಿರುವುದು ಎಷ್ಟು ಅಂತಲೂ ಬರೆಯಿರಿ, ಅಂಥದ್ದು ಪ್ರತಿ ಕಟ್ಟಡದಲ್ಲೂ ಸಿಗುತ್ತದೆ. ಹೆಸರು ಬರೆಸದೆ ಒಂದೇ ಪ್ರಶ್ನೆ ಕೇಳಿ: ನಿನ್ನೆ ಕ್ಯಾಂಪಸ್ಸಿನಲ್ಲಿ ಎಷ್ಟು ಲೋಟ ನೀರು ಕುಡಿದಿರಿ? ಆರು ತಿಂಗಳ ಮೇಲೆ ಅದನ್ನೇ ಪುನಃ ಕೇಳಿ. ಅದಕ್ಕಿಂತ ಒಳ್ಳೆಯ ಅಳತೆ ನನಗೆ ಹೊಳೆಯುವುದಿಲ್ಲ. ಗೋಡೆ ಒಡೆಯುವುದು, ಪೈಪು ಹಾಕುವುದು ನಿಮ್ಮ ಬಜೆಟ್ಟಿನಲ್ಲಿ ಬೇಡ, ಅದು ಎಂಜಿನಿಯರ್ ವಿಭಾಗದ್ದು, ಅಲ್ಲಿಗೆ ಹೋದರೆ ಫೈಲು ತಿಂಗಳುಗಟ್ಟಲೆ ಕೂರುತ್ತದೆ. ಬಿಡಿ ಸಾಮಾನು ಮಾತ್ರ ಹಾಕಿ. ಐದು ಸಾವಿರವಾದರೂ ವರ್ಷದ ಕೊನೆಯ ರಿಪೇರಿಗೆ ಇಟ್ಟುಕೊಳ್ಳಿ.

ಮಂಜೇಶ್ವರದಿಂದ:

ಓದಿ ತುಂಬಾ ಖುಷಿ ಆಯಿತು ಅಕ್ಕ. ಒಂದು ಮುಖ್ಯ ವಿಷಯ ಬಿಟ್ಟುಹೋಗಬಾರದು. ಪ್ಯಾಡ್ ಸುಡುವ ಮೆಷಿನ್ ತರಬೇಡಿ, ನಮ್ಮಲ್ಲಿ ಇದ್ದದ್ದು ಕೆಟ್ಟು ನಿಂತಿದೆ, ರಿಪೇರಿ ಮಾಡುವವರೇ ಇಲ್ಲ. ಮುಚ್ಚಳ ಇರುವ, ಕಾಲಿನಿಂದ ಒತ್ತಿ ತೆರೆಯುವ ಡಬ್ಬ ಮತ್ತು ಸುತ್ತಲು ಕಾಗದ ಸಾಕು. ಆದರೆ ಆ ಡಬ್ಬವನ್ನು ಖಾಲಿ ಮಾಡಬೇಕಾದದ್ದು ಕ್ಲೀನಿಂಗ್ ಕೆಲಸದ ಅಕ್ಕಂದಿರು. ಅವರನ್ನು ಕೇಳದೆ ಡಬ್ಬ ಇಟ್ಟರೆ ಅವರ ಕೆಲಸ ಜಾಸ್ತಿ ಆಗುತ್ತದೆ, ಸಂಬಳ ಅಷ್ಟೇ ಇರುತ್ತದೆ. ಅವರಿಗೆ ಗ್ಲೌಸ್ ಯಾರು ಕೊಡುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಒಬ್ಬರಿಗೆ ಎಷ್ಟು ಶೌಚಾಲಯ, ಆ ಕಸ ಕೊನೆಗೆ ಎಲ್ಲಿಗೆ ಹೋಗುತ್ತದೆ, ಇದೆಲ್ಲ ಅವರ ಹತ್ತಿರವೇ ಕೂತು ಕೇಳಿ. ಯಾವ ಬಾಗಿಲು ಹಾಳಾಗಿದೆ ಅಂತ ನಿಮ್ಮ ಪಟ್ಟಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ನೇತ್ರಾವತಿ_ತೀರ:

ಹೌದು, ಅದು ನಮಗೆ ಹೊಳೆದೇ ಇರಲಿಲ್ಲ. ಗ್ಲೌಸಿನ ಖರ್ಚನ್ನು ಬಜೆಟ್ಟಿನಲ್ಲಿ ಸೇರಿಸುತ್ತೇವೆ. ಸೋಮವಾರ ಬೆಳಿಗ್ಗೆ ಕ್ಲಾಸ್ ಶುರುವಾಗುವ ಮೊದಲು ಅಕ್ಕಂದಿರು ಸಿಗುತ್ತಾರಂತೆ, ಅವರ ಜೊತೆಯೇ ಒಂದು ಸುತ್ತು ಹೋಗಿ ಪಟ್ಟಿ ಶುರು ಮಾಡುತ್ತೇವೆ. ಅರ್ಜಿಯ ಕರಡು ಆದ ಮೇಲೆ ಇಲ್ಲೇ ಹಾಕುತ್ತೇನೆ, ಮೇಷ್ಟ್ರು ಒಮ್ಮೆ ನೋಡಿ ತಿದ್ದಿ ಕೊಡಬೇಕು.